ಗದ್ದೆಬದುವಿನ ಹಳದಿ ಹೂವಿನ ಗಿಡ: ಸಾಸಿವೆಯೋ, ನಾಯಿ ಸಾಸಿವೆಯೋ, ಮತ್ತೊಂದೋ?

ಪ್ರಶ್ನೆ: ನಮ್ಮದು ಹಾನಗಲ್ಲ ತಾಲೂಕಿನ ಒಂದು ಹಳ್ಳಿ. ಧರ್ಮಾ ಕಾಲುವೆಯ ನೀರು ಬರುವ ಭತ್ತದ ಗದ್ದೆಯಿದೆ. ಕೊಯ್ಲಾದ ಮೇಲೆ ಬದುವಿನಲ್ಲಿಯೂ ಕಾಲುವೆಯ ಬದಿಯಲ್ಲಿಯೂ ಮೊಣಕಾಲೆತ್ತರದ ಒಂದು ಕಳೆ ಗುಂಪುಗುಂಪಾಗಿ ಏಳುತ್ತದೆ. ನಾಲ್ಕು ಎಸಳಿನ ಬಹಳ ಸಣ್ಣ ಹಳದಿ ಹೂ, ತೆಳ್ಳನೆಯ ಉದ್ದ ಕಾಯಿ. ಎಲೆ ಉಜ್ಜಿದರೆ ಮೂಲಂಗಿ ಸೊಪ್ಪಿನ ವಾಸನೆ. ಊರಿನಲ್ಲಿ ಕೆಲವರು ಕಾಡು ಸಾಸಿವೆ ಎಂದರೆ ಕೆಲವರು ನಾಯಿ ಸಾಸಿವೆ ಎನ್ನುತ್ತಾರೆ. ಮೊಬೈಲ್ ಆ್ಯಪ್ ಇದಕ್ಕೆ ಬಾರ್ಬೇರಿಯಾ ಎಂದು ಹೆಸರು ಕೊಟ್ಟಿತು. ಎಮ್ಮೆ ಇದನ್ನು ಮೇಯ್ದ ದಿನ ಹಾಲಿಗೆ ಒಂದು ಬಗೆಯ ವಾಸನೆ ಬರುತ್ತದೆ. ಇದು ಯಾವ ಗಿಡ? ಪಲ್ಯ ಮಾಡಬಹುದೇ? ಪಕ್ಕದಲ್ಲಿಯೇ ಮನೆಯ ಬೀಜಕ್ಕೆಂದು ಸಾಸಿವೆ ಹಾಕಿದ್ದೇವೆ, ಅದರೊಂದಿಗೆ ಬೆರಕೆಯಾಗುತ್ತದೆಯೇ? ಇಡೀ ಗಿಡ, ಹೂ, ಬುಡದ ಎಲೆ ಮತ್ತು ಕಾಯಿಯ ಚಿತ್ರಗಳನ್ನು ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ನಾಲ್ಕು ಚಿತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಮಕ್ಕಳ ಅಳತೆಪಟ್ಟಿಯ ಪಕ್ಕದಲ್ಲಿ ಕಾಯಿಗಳನ್ನಿಟ್ಟು ತೆಗೆದ ಚಿತ್ರ. ಅದನ್ನೂ ನಿಮ್ಮ ವಿವರಣೆಯನ್ನೂ ಸೇರಿಸಿ ನೋಡಿದಾಗ ಈ ಗಿಡ ಸಾಸಿವೆಯ ಕುಟುಂಬಕ್ಕೇ ಸೇರಿದ್ದೆಂಬುದು ಸ್ಪಷ್ಟ. ಆದರೆ ನಾವು ಬಿತ್ತುವ ಸಾಸಿವೆ ಇದಲ್ಲ, ಬಾರ್ಬೇರಿಯಾ ಅಲ್ಲ, ನಾಯಿ ಸಾಸಿವೆಯಂತೂ ಅಲ್ಲವೇ ಅಲ್ಲ. ಇದು ರೊರಿಪ್ಪ ಎಂಬ ಕುಲದ ಗಿಡ. ಬಹುಮಟ್ಟಿಗೆ ರೊರಿಪ್ಪ ಇಂಡಿಕಾ ಎಂಬ ಪ್ರಭೇದ. ‘ಬಹುಮಟ್ಟಿಗೆ’ ಎಂಬ ಮಾತನ್ನು ಕೈಬಿಡಬೇಕಾದರೆ ಇನ್ನೊಂದು ಪರೀಕ್ಷೆ ಆಗಬೇಕು. ಅದು ಕಾಯಿಯ ಒಳಗಿನ ಪರೀಕ್ಷೆಯಾದ್ದರಿಂದ ಚಿತ್ರದಲ್ಲಿ ಕಾಣುವುದಿಲ್ಲ, ಆದರೆ ನೀವೇ ಮನೆಯ ಕಟ್ಟೆಯ ಮೇಲೆ ಕುಳಿತು ಮಾಡಿ ಮುಗಿಸಬಹುದಾದಷ್ಟು ಸುಲಭವಾದದ್ದು. ಹೂವನ್ನು ನೋಡಿ ಕುಟುಂಬವನ್ನು ಹೇಳಬಹುದು, ಕಾಯಿಯನ್ನು ನೋಡದೆ ಗಿಡದ ಹೆಸರನ್ನು ಹೇಳಬಾರದು ಎಂಬುದು ಈ ಕುಟುಂಬದ ಮಟ್ಟಿಗೆ ಮೀರಬಾರದ ನಿಯಮವಾದ್ದರಿಂದ, ಈ ತೀರ್ಮಾನಕ್ಕೆ ಹೇಗೆ ಬಂದೆನೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಸಾಸಿವೆಯ ಕುಟುಂಬವನ್ನು ಇಂದಿನ ಸಸ್ಯಶಾಸ್ತ್ರ ಬ್ರಾಸಿಕೇಸಿ ಎಂದು ಕರೆಯುತ್ತದೆ. ಹಳೆಯ ಗ್ರಂಥಗಳಲ್ಲಿ ಕ್ರೂಸಿಫೆರೆ ಎಂದಿರುತ್ತದೆ. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ನಮ್ಮ ಕಡೆ ಬಾಣಂತಿಯರಿಗೆ ಉಂಡಿ ಕಟ್ಟುವ ಅಳವಿ, ಇವೆಲ್ಲ ಇದರ ಸದಸ್ಯರು. ಹೂವಿನ ರಚನೆ ಈ ಕುಟುಂಬದಲ್ಲಿ ಬಹಳ ಕಟ್ಟುನಿಟ್ಟಾದದ್ದು. ಹೊರಗೆ ನಾಲ್ಕು ಹಸಿರು ದಳಗಳು, ಅವುಗಳ ನಡುವಿನ ಸಂದುಗಳಲ್ಲಿ ಶಿಲುಬೆಯಾಕಾರದಲ್ಲಿ ಹರಡಿದ ನಾಲ್ಕು ಎಸಳುಗಳು, ಒಳಗೆ ಆರು ಕೇಸರಗಳು. ಆ ಆರರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಈ ನಾಲ್ಕು ಮತ್ತು ಎರಡರ ಲೆಕ್ಕ ಸಿಕ್ಕಿತೆಂದರೆ ಕುಟುಂಬದ ಬಗ್ಗೆ ಅನುಮಾನ ಉಳಿಯುವುದಿಲ್ಲ. ಅಪವಾದಗಳು ಇಲ್ಲವೆಂದಲ್ಲ: ತಂಪು ಜಾಗಗಳಲ್ಲಿ ಬೆಳೆಯುವ ಕಾರ್ಡಮೈನ್ ಹಿರ್ಸುಟಾದಲ್ಲಿ ಸಾಮಾನ್ಯವಾಗಿ ನಾಲ್ಕೇ ಕೇಸರಗಳಿರುತ್ತವೆ, ನೆಲಕ್ಕೆ ಅಂಟಿಕೊಂಡು ಹರಡುವ ಲೆಪಿಡಿಯಂ ಡಿಡಿಮಮ್‌ನಲ್ಲಿ ಹೆಚ್ಚಾಗಿ ಎರಡೇ. ನಿಮ್ಮ ಹೂವಿನ ಚಿತ್ರದಲ್ಲಿ ಆರೂ ಕೇಸರಗಳು ಕಾಣುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರವೊಂದನ್ನು ಕೊಂಡಿಟ್ಟುಕೊಂಡರೆ ಮುಂದೆ ಇಂಥ ಎಣಿಕೆಗೆ ಚಿತ್ರದ ಹಂಗು ಬೇಕಾಗುವುದಿಲ್ಲ.

ವಾಸನೆಯೂ ಒಂದು ಸಾಕ್ಷಿಯೇ. ಈ ಕುಟುಂಬದ ಗಿಡಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ಸಂಯುಕ್ತಗಳೂ ಮೈರೋಸಿನೇಸ್ ಎಂಬ ಕಿಣ್ವವೂ ಬೇರೆಬೇರೆಯಾಗಿ ಶೇಖರವಾಗಿರುತ್ತವೆ. ಎಲೆಯನ್ನು ಉಜ್ಜಿದಾಗ, ಹುಳು ಕಡಿದಾಗ ಅಥವಾ ದನ ಅಗಿದಾಗ ಜೀವಕೋಶಗಳು ಒಡೆದು ಎರಡೂ ಕೂಡಿ, ಐಸೋಥಯೋಸಯನೇಟ್ ಎಂಬ ಘಾಟಿನ ಪದಾರ್ಥ ಹುಟ್ಟುತ್ತದೆ. ಸಾಸಿವೆಯನ್ನು ತಣ್ಣೀರಿನಲ್ಲಿ ಅರೆದರೆ ಮೂಗಿಗೆ ಏರುವ ಘಾಟು, ಅದೇ ಸಾಸಿವೆಯನ್ನು ಇಡಿಯಾಗಿ ಕಾದ ಎಣ್ಣೆಗೆ ಹಾಕಿ ಒಗ್ಗರಣೆ ಕೊಟ್ಟಾಗ ಬರದೇ ಇರುವುದಕ್ಕೆ ಕಾರಣ ಇಷ್ಟೇ: ಬಿಸಿಯಲ್ಲಿ ಕಿಣ್ವ ಮೊದಲೇ ಸತ್ತಿರುತ್ತದೆ. ಆದರೆ ವಾಸನೆಯೊಂದನ್ನೇ ನೆಚ್ಚಿ ಕುಳಿತುಕೊಳ್ಳುವಂತಿಲ್ಲ, ಏಕೆಂದರೆ ನಾಯಿ ಸಾಸಿವೆಯ ಜಾತಿಯ ಗಿಡಗಳಲ್ಲಿಯೂ ಇದೇ ರಸಾಯನವಿದೆ.

ನಾಯಿ ಸಾಸಿವೆಯ ಮಾತು ಬಂದದ್ದರಿಂದ ಅದನ್ನು ಇಲ್ಲಿಯೇ ಬೇರ್ಪಡಿಸಿಬಿಡೋಣ. ಕ್ಲಿಯೋಮ್ ವಿಸ್ಕೋಸಾ ಎಂಬ ಈ ಗಿಡ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳ ಹೊಲಗಳಲ್ಲಿ, ಅದರಲ್ಲಿಯೂ ಮುಂಗಾರಿನಲ್ಲಿ, ರಸ್ತೆಯಂಚು ಬದು ಎನ್ನದೆ ಎಲ್ಲೆಡೆ ಕಾಣುವಂಥದ್ದು. ಹೂ ಹಳದಿ, ಎಸಳು ನಾಲ್ಕು, ಕಾಯಿ ಉದ್ದ. ದೂರದಿಂದ ನೋಡಿದವರು ಸಾಸಿವೆಯೆಂದರೆ ತಪ್ಪೆನ್ನುವಂತಿಲ್ಲ. ಆದರೆ ಹತ್ತಿರ ಹೋಗಿ ಮುಟ್ಟಿ ನೋಡಿದರೆ ಕೈಗೆ ಅಂಟುತ್ತದೆ, ಏಕೆಂದರೆ ಕಾಂಡ, ಎಲೆ, ಕಾಯಿ ಎಲ್ಲದರ ಮೇಲೂ ಅಂಟು ಸೂಸುವ ರೋಮಗಳಿರುತ್ತವೆ. ಅದರ ಎಲೆ ಮೂರರಿಂದ ಐದು ಕಿರುಎಲೆಗಳಾಗಿ ಒಂದೇ ಬಿಂದುವಿನಿಂದ ಒಡೆದಿರುತ್ತದೆ. ಸಾಸಿವೆಯ ಕುಟುಂಬದ ನಮ್ಮ ಕಡೆಯ ಕಳೆಗಳಲ್ಲಿ ಎಲೆಯ ಅಂಚು ಎಷ್ಟೇ ಸೀಳಿದ್ದರೂ ಹೀಗೆ ಅಂಗೈಯಾಕಾರದಲ್ಲಿ ಕಿರುಎಲೆಗಳು ಬರುವುದಿಲ್ಲ. ಕೇಸರಗಳು ಆರಕ್ಕೆ ನಿಲ್ಲದೆ ಹತ್ತು, ಹನ್ನೆರಡು, ಇನ್ನೂ ಹೆಚ್ಚು ಇರುತ್ತವೆ. ಹಿಂದೆ ಇದನ್ನು ಕ್ಯಾಪರೇಸಿ ಎಂಬ ಕುಟುಂಬಕ್ಕೆ ಸೇರಿಸುತ್ತಿದ್ದರು. ಈಗ ಕ್ಲಿಯೋಮೇಸಿ ಎಂಬ ಪ್ರತ್ಯೇಕ ಕುಟುಂಬ ಮಾಡಿ ಅದನ್ನು ಸಾಸಿವೆ ಕುಟುಂಬದ ಅತಿ ಸಮೀಪದ ಬಂಧುವೆಂದು ಪರಿಗಣಿಸುತ್ತಾರೆ. ಆದ್ದರಿಂದ ನಿಮ್ಮ ಊರಿನವರು ಎರಡೂ ಗಿಡಗಳನ್ನು ಸಾಸಿವೆಯ ನಂಟಿಗೆ ಸೇರಿಸಿದ್ದು ಶಾಸ್ತ್ರಕ್ಕೂ ತೀರಾ ದೂರವಾದ ಮಾತಲ್ಲ. ನಿಮ್ಮ ಗಿಡದ ಕಾಂಡ ನುಣುಪಾಗಿದೆ, ಎಲೆ ಕಿರುಎಲೆಗಳಾಗಿ ಒಡೆದಿಲ್ಲ. ಈ ಪ್ರಕರಣ ಅಲ್ಲಿಗೆ ಮುಗಿಯಿತು.

ಭತ್ತದ ಗದ್ದೆಯೆಂದ ಕೂಡಲೇ ನೆನಪಿಗೆ ಬರಬೇಕಾದ ಮತ್ತೊಂದು ಗಿಡ ಲುಡ್ವಿಜಿಯಾ. ಇದನ್ನು ಸಾಸಿವೆಯೊಂದಿಗೆ ಹೋಲಿಸುವವರು ಕಡಿಮೆಯಾದರೂ, ಗದ್ದೆಯಲ್ಲಿ ನಾಲ್ಕು ಹಳದಿ ಎಸಳುಗಳ ಹೂ ಕಂಡರೆ ಅದು ಇದೇ ಆಗಿರುವ ಸಂಭವ ಬಹಳ ಹೆಚ್ಚು. ಇಲ್ಲಿ ನೋಡಬೇಕಾದದ್ದು ಹೂವು ಕಾಯಿಯ ಮೇಲೆ ಕುಳಿತಿದೆಯೇ ಎಂಬುದನ್ನು. ಲುಡ್ವಿಜಿಯಾದಲ್ಲಿ ಅಂಡಾಶಯ ಹೂವಿನ ಕೆಳಗಿದ್ದು, ತೊಟ್ಟೆಂದು ನಾವು ಭಾವಿಸುವ ಭಾಗವೇ ಮುಂದೆ ಕಾಯಿಯಾಗುತ್ತದೆ. ಬಲಿತ ಕಾಯಿಯ ನೆತ್ತಿಯ ಮೇಲೆ ಹಸಿರು ದಳಗಳು ಉದುರದೆ ಉಳಿದಿರುತ್ತವೆ. ಸಾಸಿವೆ ಕುಟುಂಬದಲ್ಲಿ ಕಾಯಿ ಹೂವಿನ ಒಳಗಿನಿಂದ ಮೇಲಕ್ಕೆ ಬೆಳೆಯುತ್ತದೆ, ದಳಗಳು ಬೇಗನೆ ಕೆಳಗೆ ಉದುರಿ ಹೋಗುತ್ತವೆ. ನಿಮ್ಮ ಕಾಯಿಯ ತುದಿ ಬರಿದಾಗಿದೆ.

ಮೂರನೆಯದನ್ನು ಹೋಲಿಕೆಗಿಂತ ಎಚ್ಚರಿಕೆಗಾಗಿ ಹೇಳುತ್ತಿದ್ದೇನೆ: ಅರಿಶಿನ ದತ್ತೂರಿ, ಅಂದರೆ ಆರ್ಜಿಮೋನ್ ಮೆಕ್ಸಿಕಾನಾ. ಮುಳ್ಳಿನ ಎಲೆ, ಎಲೆಯ ಮೇಲೆ ಬಿಳಿಯ ನರಗಳು, ಮುರಿದರೆ ಸುರಿಯುವ ಹಳದಿ ಹಾಲು, ಮುಳ್ಳುಮುಳ್ಳಾದ ಕಾಯಿ, ಇಷ್ಟೆಲ್ಲ ಇರುವಾಗ ಗಿಡವನ್ನು ಗುರುತಿಸುವಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ಬೀಜದಲ್ಲಿ. ಗುಂಡಗೆ ಕಪ್ಪಗಿರುವ ಅದರ ಬೀಜ ಸಾಸಿವೆಯ ರಾಶಿಯಲ್ಲಿ ಬೆರೆತರೆ ಬರಿಗಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಮಸೂರದಲ್ಲಿ ನೋಡಿದರೆ ಮಾತ್ರ ಅದರ ಮೈ ಒರಟಾಗಿ ಬಲೆಬಲೆಯಾದ ಕುಳಿಗಳಿಂದ ಕೂಡಿರುವುದು ಕಾಣುತ್ತದೆ. ಅದರ ಎಣ್ಣೆಯಲ್ಲಿರುವ ಸ್ಯಾಂಗ್ವಿನರಿನ್ ಎಂಬ ವಿಷ ಕಾಲು ಬಾವು, ಉಸಿರಾಟದ ತೊಂದರೆ, ಹೃದಯದ ಬಲಹೀನತೆಗಳನ್ನು ತರುವ ಸಾಂಕ್ರಾಮಿಕ ಜಲೋದರಕ್ಕೆ ಕಾರಣ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಈ ರೋಗ ಹಬ್ಬಿ ಜನ ಸತ್ತರು. ನಮ್ಮ ಕಡೆಯ ಅಡುಗೆ ಶೇಂಗಾ ಮತ್ತು ಕುಸುಬಿ ಎಣ್ಣೆಯದ್ದಾದ್ದರಿಂದ ಅಷ್ಟು ಭಯವಿಲ್ಲವಾದರೂ, ನೀವು ಸಾಸಿವೆಯನ್ನು ಮನೆಯ ಬೀಜಕ್ಕೆ ಉಳಿಸಿಕೊಳ್ಳುವವರು. ಸಾಸಿವೆ ಕಟಾವಿಗೆ ಬರುವ ಮೊದಲೇ ಹೊಲದಲ್ಲಿ ಒಂದೂ ಅರಿಶಿನ ದತ್ತೂರಿ ಉಳಿಯದಂತೆ ನೋಡಿಕೊಳ್ಳುವುದು, ನೀವು ಕೇಳಿದ ಕಳೆಯನ್ನು ಕೀಳುವುದಕ್ಕಿಂತ ಹೆಚ್ಚು ಮಹತ್ವದ ಕೆಲಸ.

ಇನ್ನು ಕುಟುಂಬದ ಒಳಗೆ ಬರೋಣ. ಹೊಲದಿಂದ ತಪ್ಪಿಸಿಕೊಂಡು ಬದುವಿಗೆ ಬಂದ ಸಾಸಿವೆಯೇ ಇದಾಗಿರಬಹುದೇ ಎಂಬ ಸಂದೇಹ ಮೊದಲು ಏಳುವುದು ಸಹಜ. ನಾವು ಬಿತ್ತುವ ಸಾಸಿವೆ ಬ್ರಾಸಿಕಾ ಜುನ್ಸಿಯಾ. ಅದರ ಎಸಳು ಸುಮಾರು ಒಂದು ಸೆಂಟಿಮೀಟರ್ ಉದ್ದವಿದ್ದು ಹೊಲದ ಆಚೆ ಬದಿಯಿಂದಲೂ ಹಳದಿ ಎದ್ದು ಕಾಣುತ್ತದೆ; ನಿಮ್ಮ ಗಿಡದ ಎಸಳು ಮೂರು ಮಿಲಿಮೀಟರ್ ಆಸುಪಾಸಿನಲ್ಲಿದ್ದು ಹೊರಗಿನ ಹಸಿರು ದಳಕ್ಕಿಂತ ಹೆಚ್ಚೇನೂ ಉದ್ದವಿಲ್ಲ. ಸಾಸಿವೆಯ ಕಾಯಿಯ ತುದಿಯಲ್ಲಿ ಬೀಜವಿಲ್ಲದ ಒಂದು ಚೂಪಾದ ಕೊಕ್ಕು ಇರುತ್ತದೆ, ಆ ಕೊಕ್ಕು ಬ್ರಾಸಿಕಾ ಕುಲದ ದೊಡ್ಡ ಗುರುತು. ನಿಮ್ಮ ಕಾಯಿಯ ತುದಿಯಲ್ಲಿರುವುದು ಒಂದು ಮಿಲಿಮೀಟರಿನಷ್ಟು ಗಿಡ್ಡ ಶಲಾಕೆ, ಅಂದರೆ ಹೂವಿನ ಅಂಡಾಶಯದ ತುದಿಯ ಕಡ್ಡಿ, ಮಾತ್ರ. ಬೀಜವಂತೂ ಸಾಸಿವೆಯ ಗುಂಡು ಕಾಳಿನ ಅರ್ಧವೂ ಇರುವುದಿಲ್ಲ. ಕಾಡಾದ ಮೂಲಂಗಿಯ ಹೂ ಬಿಳಿ ಅಥವಾ ತಿಳಿ ನೇರಳೆ, ಕಾಯಿ ದಪ್ಪ, ಬಲಿತರೂ ಬಾಯಿ ಬಿಡದು. ಅದನ್ನು ಇಲ್ಲಿ ಎಳೆದು ತರುವ ಅಗತ್ಯವಿಲ್ಲ. ಅಳವಿಯ ಹೂ ಬಿಳಿಯದು, ಕಾಯಿ ಚಪ್ಪಟೆಯಾಗಿ ದುಂಡಗಿದ್ದು ಒಂದೊಂದು ಕೋಣೆಗೆ ಒಂದೊಂದೇ ಬೀಜ. ಆಗಲೇ ಹೆಸರಿಸಿದ ಲೆಪಿಡಿಯಂ ಡಿಡಿಮಮ್ ಅಳವಿಯ ಕುಲದ್ದೇ ಆದರೂ ದಕ್ಷಿಣ ಅಮೆರಿಕದಿಂದ ಬಂದ ಕಳೆ. ಜೋಡಿ ಗುಂಡುಗಳಾಗಿ ಕಾಣುವ ಕಾಯಿಯಿಂದಲೂ ಕೆಟ್ಟ ನಾತದಿಂದಲೂ ಒಮ್ಮೆ ಕಂಡವರು ಅದನ್ನು ಮರೆಯುವುದಿಲ್ಲ.

ಆ್ಯಪ್ ಹೇಳಿದ ಬಾರ್ಬೇರಿಯಾದ ವಿಷಯ. ಅದು ಯೂರೋಪು ಮತ್ತು ಇತರ ತಂಪು ನಾಡುಗಳ ಗಿಡ; ಏಣುಗಳಿರುವ ಕಾಂಡ, ದಟ್ಟ ಹಳದಿಯ ಸಾಕಷ್ಟು ದೊಡ್ಡ ಹೂ ಅದರ ಲಕ್ಷಣ. ಇಂಥ ಆ್ಯಪ್‌ಗಳು ಕುಟುಂಬದವರೆಗೆ ಚೆನ್ನಾಗಿ ಕರೆದೊಯ್ಯುತ್ತವೆ, ಅಷ್ಟರ ಮಟ್ಟಿಗೆ ಅವುಗಳನ್ನು ಬಳಸಲು ನನ್ನ ಆಕ್ಷೇಪವಿಲ್ಲ. ಆದರೆ ಅವುಗಳಲ್ಲಿ ತಂಪು ದೇಶಗಳ ಗಿಡಗಳ ಚಿತ್ರಗಳೇ ಹೆಚ್ಚಾಗಿ ತುಂಬಿರುವುದರಿಂದಲೂ ಜನ ಸಾಮಾನ್ಯವಾಗಿ ಹೂವಿನ ಚಿತ್ರವನ್ನೇ ಕೊಡುವುದರಿಂದಲೂ, ಹೂವೆಲ್ಲ ಒಂದೇ ಅಚ್ಚಿನದಾಗಿರುವ ಈ ಕುಟುಂಬದಲ್ಲಿ ಅವು ಕೊಡುವ ಪ್ರಭೇದದ ಹೆಸರನ್ನು ಒಪ್ಪಿಕೊಳ್ಳುವ ಮೊದಲು, ಆ ಗಿಡ ದಖ್ಖನಿನ ಬಯಲಿನಲ್ಲಿ ಬೆಳೆಯುವಂಥದ್ದೇ ಎಂದು ಕೇಳಿಕೊಳ್ಳಬೇಕು.

ಉಳಿದದ್ದು ರೊರಿಪ್ಪ. ದಕ್ಷಿಣ ಮತ್ತು ಪೂರ್ವ ಏಷ್ಯಾದ ಉದ್ದಗಲಕ್ಕೂ ತೇವದ ನೆಲ, ಗದ್ದೆಬದು, ಕಾಲುವೆಯಂಚು, ತೋಟದ ನೀರುದಾರಿಗಳಲ್ಲಿ ಇದು ಹುಟ್ಟುತ್ತದೆ. ನಮ್ಮ ಭಾಗದಲ್ಲಿ ಗದಗಿನ ಒಣ ಎರೆಹೊಲಗಳು ಇದಕ್ಕೆ ಒಗ್ಗುವುದಿಲ್ಲ, ಹಾನಗಲ್ಲಿನ ಗದ್ದೆಗಳು, ಧಾರವಾಡದ ಕೆಲಗೇರಿ ಕೆರೆ ಮತ್ತು ಹುಬ್ಬಳ್ಳಿಯ ಉಣಕಲ್ ಕೆರೆಯ ಅಂಚಿನಂಥ ಜಾಗಗಳು ಒಗ್ಗುತ್ತವೆ. ಕೊಯ್ಲಾದ ಗದ್ದೆಯಲ್ಲಿ ಉಳಿಯುವ ಹಸಿಯನ್ನು ನಂಬಿ ಮೊಳೆತು, ಆ ಹಸಿ ಆರುವುದರೊಳಗೆ ಹೂ ಕಾಯಿ ಮುಗಿಸುವ ಗಿಡ ಇದು. ಬುಡದ ಎಲೆಗಳು ಸೀಳಾಗಿದ್ದು ತುದಿಯ ಹಾಳೆ ಮಾತ್ರ ಉಳಿದವಕ್ಕಿಂತ ಬಹಳ ದೊಡ್ಡದಾಗಿರುತ್ತದೆ. ಮೇಲೆ ಹೋದಂತೆ ಎಲೆಗಳು ಚಿಕ್ಕವಾಗಿ, ಸೀಳು ಕಳೆದುಕೊಂಡು, ಅಂಚಿನಲ್ಲಿ ಹಲ್ಲು ಮಾತ್ರ ಉಳಿಯುತ್ತದೆ. ನಿಮ್ಮ ಚಿತ್ರದಲ್ಲಿ ಈ ಬದಲಾವಣೆ ಕೆಳಗಿನಿಂದ ಮೇಲಿನವರೆಗೆ ಸ್ಪಷ್ಟವಾಗಿ ಕಾಣುತ್ತದೆ. ಕಾಯಿ ಹದಿನೇಳರಿಂದ ಇಪ್ಪತ್ತು ಮಿಲಿಮೀಟರ್ ಉದ್ದ, ಒಂದೂವರೆ ಮಿಲಿಮೀಟರ್ ದಪ್ಪ, ಸ್ವಲ್ಪ ಮೇಲಕ್ಕೆ ಬಾಗಿದೆ. ರೊರಿಪ್ಪ ಇಂಡಿಕಾದ ಕಾಯಿ ಒಂದರಿಂದ ಎರಡೂವರೆ ಸೆಂಟಿಮೀಟರ್ ಇರುವುದರಿಂದ ಅಳತೆ ಸರಿಯಾಗಿ ಹೊಂದುತ್ತದೆ.

ಹಾಗಾದರೆ ಅನುಮಾನ ಎಲ್ಲಿ ಉಳಿಯಿತು? ಇದೇ ಜಾಗಗಳಲ್ಲಿ ಬೆಳೆಯುವ, ಇದಕ್ಕೆ ಬಹಳ ಹತ್ತಿರದ ರೊರಿಪ್ಪ ಡುಬಿಯಾ ಎಂಬ ಇನ್ನೊಂದು ಪ್ರಭೇದವಿದೆ. ಅದರಲ್ಲಿ ಸಾಮಾನ್ಯವಾಗಿ ಎಸಳುಗಳೇ ಇರುವುದಿಲ್ಲ, ಕಾಯಿ ಇನ್ನೂ ತೆಳ್ಳಗೆ, ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪವಾಗಿದ್ದು ಎರಡರಿಂದ ನಾಲ್ಕು ಸೆಂಟಿಮೀಟರ್ ಉದ್ದವಿರುತ್ತದೆ. ನಿಮ್ಮ ಹೂವಿನಲ್ಲಿ ಎಸಳುಗಳಿರುವುದರಿಂದ ಪಾಲು ಇಂಡಿಕಾದ ಕಡೆಗೆ ವಾಲುತ್ತದೆ, ಆದರೆ ಎಸಳು ಚಿಕ್ಕದಾಗುವುದು, ಬೇಗ ಉದುರುವುದು ಇವೆಲ್ಲ ನಡೆಯುತ್ತಲೇ ಇರುವ ಕುಲ ಇದಾದ್ದರಿಂದ ಎಸಳನ್ನಷ್ಟೇ ನಂಬಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ತೀರ್ಪು ಬೀಜದ ಸಾಲಿನಲ್ಲಿದೆ.

ಪರೀಕ್ಷೆಯನ್ನು ಹೀಗೆ ಮಾಡಿರಿ. ಗಿಡದ ಕೆಳಭಾಗದಿಂದ, ಪೂರ್ತಿ ಬಲಿತಿದ್ದು ಇನ್ನೂ ಒಣಗದ, ಹಸಿರಿನಿಂದ ಹಳದಿಗೆ ತಿರುಗುತ್ತಿರುವ ಕಾಯಿಗಳನ್ನು ಆರಿಸಿಕೊಳ್ಳಿರಿ. ಎಳೆಯ ಕಾಯಿಯಲ್ಲಿ ಬೀಜ ಬೇರ್ಪಟ್ಟಿರುವುದಿಲ್ಲ, ಒಣಗಿದ ಕಾಯಿ ಮುಟ್ಟಿದರೆ ಚೆಲ್ಲುತ್ತದೆ. ಬಿಳಿಯ ಕಾಗದದ ಮೇಲಿಟ್ಟು, ಸೂಜಿಯ ತುದಿಯನ್ನು ತೊಟ್ಟಿನ ಕಡೆಯಿಂದ ಕಾಯಿಯ ಪಕ್ಕದ ಗೆರೆಗೆ ಕೊಟ್ಟು ಮೇಲಕ್ಕೆ ಎಬ್ಬಿಸಿದರೆ ಒಂದು ಬದಿಯ ಸಿಪ್ಪೆ ಬುಡದಿಂದ ತುದಿಗೆ ಬಿಚ್ಚಿಕೊಳ್ಳುತ್ತದೆ. ಈ ಕುಟುಂಬದ ಕಾಯಿ ತಾನಾಗಿ ಒಡೆಯುವುದೂ ಬುಡದಿಂದಲೇ. ಎರಡೂ ಬದಿಯ ಸಿಪ್ಪೆ ತೆಗೆದಾಗ ನಡುವೆ ಉಳಿಯುವುದು, ಕಿಟಕಿಯ ಚೌಕಟ್ಟಿಗೆ ಬಿಗಿದ ತೆಳು ಕಾಗದದಂತೆ, ಒಂದು ಗಟ್ಟಿ ಅಂಚು ಮತ್ತು ಅದರೊಳಗಿನ ಪಾರದರ್ಶಕ ಪೊರೆ. ಈ ಪೊರೆ ಸಾಸಿವೆ ಕುಟುಂಬದ ಅಸಲು ಮೊಹರು. ನಾಯಿ ಸಾಸಿವೆಯ ಕಾಯಿಯಲ್ಲಿ ಚೌಕಟ್ಟು ಇರುತ್ತದೆ, ಪೊರೆ ಇರುವುದಿಲ್ಲ. ಈಗ ಪೊರೆಯ ಒಂದು ಮಗ್ಗುಲಲ್ಲಿರುವ ಬೀಜಗಳನ್ನು ಮಸೂರದಲ್ಲಿ ನೋಡಿರಿ. ಒಂದೇ ಮಗ್ಗುಲಲ್ಲಿ ಬೀಜಗಳು ಅಕ್ಕಪಕ್ಕ ಎರಡು ಸಾಲಾಗಿದ್ದರೆ ಅದು ರೊರಿಪ್ಪ ಇಂಡಿಕಾ. ಒಂದೇ ಸಾಲಾಗಿ ಒಂದರ ಮೇಲೊಂದು ನಿಂತಿದ್ದರೆ ಡುಬಿಯಾ. ಎರಡೂ ಮಗ್ಗುಲುಗಳ ಬೀಜಗಳನ್ನು ಕೂಡಿಸಿ ಎರಡು ಸಾಲೆಂದು ಎಣಿಸುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಎಣಿಕೆ ಪೊರೆಯ ಒಂದು ಬದಿಯದ್ದಷ್ಟೇ ಆಗಬೇಕು. ಒಂದೇ ಕಾಯಿಗೆ ನಿಲ್ಲದೆ ಬೇರೆಬೇರೆ ಗಿಡಗಳ ಐದಾರು ಕಾಯಿಗಳನ್ನಾದರೂ ಬಿಡಿಸಿರಿ, ಏಕೆಂದರೆ ಎರಡು ಪ್ರಭೇದಗಳೂ ಒಂದೇ ಬದುವಿನಲ್ಲಿ ಬೆರೆತು ಬೆಳೆದಿರಬಹುದು. ಸಾಸಿವೆಯಲ್ಲಿಯೂ ಬಾರ್ಬೇರಿಯಾದಲ್ಲಿಯೂ ಬೀಜ ಒಂದೇ ಸಾಲು, ಹೀಗಾಗಿ ಎರಡು ಸಾಲು ಕಂಡಿತೆಂದರೆ ಈವರೆಗಿನ ಅನುಮಾನಗಳೆಲ್ಲ ಒಟ್ಟಿಗೆ ತೀರುತ್ತವೆ.

ಎಮ್ಮೆಯ ಹಾಲಿನ ವಾಸನೆಗೆ ಈ ಗಿಡವೇ ಕಾರಣವೆಂಬ ನಿಮ್ಮ ಊಹೆ ಸರಿಯಾದದ್ದು. ಮೇಲೆ ಹೇಳಿದ ಗಂಧಕಯುಕ್ತ ಪದಾರ್ಥಗಳು ಹೊಟ್ಟೆಯಿಂದಲೂ ಉಸಿರಿನಿಂದಲೂ ರಕ್ತಕ್ಕೆ ಸೇರಿ ಅಲ್ಲಿಂದ ಕೆಚ್ಚಲಿಗೆ ಇಳಿಯುತ್ತವೆ. ಹಿಂಡುವ ಮುಂಚಿನ ಕೆಲವು ತಾಸುಗಳಲ್ಲಿ ತಿಂದದ್ದೇ ಹಾಲಿನಲ್ಲಿ ಹೆಚ್ಚಾಗಿ ಗೊತ್ತಾಗುವುದರಿಂದ, ಈ ಬದುವಿನಲ್ಲಿ ಮೇಯಿಸುವುದಿದ್ದರೆ ಬೆಳಗಿನ ಹಾಲು ಹಿಂಡಿದ ಕೂಡಲೇ ಬಿಟ್ಟು, ಮಧ್ಯಾಹ್ನದೊಳಗೆ ಅಲ್ಲಿಂದ ಹೊರಡಿಸಿ, ಸಂಜೆಯವರೆಗೆ ಒಣ ಹುಲ್ಲು ಅಥವಾ ಜೋಳದ ಕಣಿಕೆ ಹಾಕಿದರೆ ವಾಸನೆ ಬಹಳ ಮಟ್ಟಿಗೆ ಇಳಿಯುತ್ತದೆ. ಬೇರೆ ಮೇವಿನ ನಡುವೆ ಒಂದಿಷ್ಟು ತಿಂದರೆ ಎಮ್ಮೆಯ ಆರೋಗ್ಯಕ್ಕೆ ಕೇಡಿಲ್ಲ. ಈ ಕುಟುಂಬದ ಸೊಪ್ಪನ್ನೇ ವಾರಗಟ್ಟಲೆ ಮುಖ್ಯ ಮೇವಾಗಿ ಕೊಟ್ಟರೆ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ಗಬ್ಬದ ಎಮ್ಮೆಗೆ ಹೀಗೆ ಕೊಡಲೇಬಾರದು. ಇನ್ನೊಂದು ವಿಷಯ ಯೂರಿಯಾ. ಗೊಬ್ಬರ ಹೆಚ್ಚಾದ ಗದ್ದೆಯಲ್ಲಿ ಬೆಳೆದ ಇಂಥ ಗಿಡಗಳು ನೈಟ್ರೇಟನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ, ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಹೆಚ್ಚು ತಿಂದ ದನ ಏದುಸಿರು ಬಿಡುತ್ತ ತೂರಾಡಿದರೆ, ವಸಡು ಕಂದುಬಣ್ಣಕ್ಕೆ ತಿರುಗಿದರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಿರಿ.

ಪಲ್ಯದ ಪ್ರಶ್ನೆಗೆ ಬಂದರೆ, ರೊರಿಪ್ಪ ಇಂಡಿಕಾ ವಿಷದ ಗಿಡವಲ್ಲ. ಚೀನಾದಲ್ಲಿ ಇದರ ಎಳೆ ಸೊಪ್ಪನ್ನು ತಿನ್ನುವ, ಕೆಮ್ಮಿಗೆ ಔಷಧಿಯಾಗಿ ಬಳಸುವ ರೂಢಿಯಿದೆ. ರೊರಿಫೋನ್ ಎಂಬ ಸಂಯುಕ್ತವನ್ನು ಇದರಿಂದಲೇ ಬೇರ್ಪಡಿಸಿದ್ದಾರೆ. ಹಕ್ಕರಕಿ, ಗೋಳಿ, ಕಿರಕಸಾಲಿಗಳನ್ನು ಹೊಲದಿಂದಲೇ ಕಿತ್ತು ರೊಟ್ಟಿಯ ಜೊತೆ ತಿನ್ನುವ ನಮ್ಮ ಸೀಮೆಯವರಿಗೆ ಇದರ ಖಾರ ಹೊಸದೆನಿಸಲಾರದು. ಆದರೂ ನನ್ನ ಸಲಹೆ ನಿಮ್ಮ ಬದುವಿನ ಗಿಡದ ಮಟ್ಟಿಗೆ ಬೇಡವೆಂದೇ. ಗದ್ದೆಗೆ ಸಿಂಪಡಿಸಿದ ಕಳೆನಾಶಕ, ಕೀಟನಾಶಕಗಳು ಹರಿದು ಬಂದು ನಿಲ್ಲುವುದು ಬದುವಿನ ಬುಡದಲ್ಲಿ ಮತ್ತು ಕಾಲುವೆಯಲ್ಲಿ, ಈ ಗಿಡ ಬೆಳೆಯುವುದೂ ಅಲ್ಲಿಯೇ. ಊರ ಚರಂಡಿಯ ನೀರು ಸೇರುವ ಕೆರೆಯಂಚಿನದ್ದಾದರೆ ಇನ್ನೂ ಕೆಟ್ಟದ್ದು, ಏಕೆಂದರೆ ಸಾಸಿವೆ ಕುಟುಂಬದ ಹಲವು ಗಿಡಗಳಿಗೆ ಭಾರಲೋಹಗಳನ್ನು ಹೀರಿ ಎಲೆಯಲ್ಲಿ ಶೇಖರಿಸುವ ಗುಣವಿದೆ. ಹಿತ್ತಲಿನ ಬಚ್ಚಲ ನೀರಿಲ್ಲದ ತೇವದಲ್ಲಿ, ಔಷಧಿ ಬೀಳದ ಜಾಗದಲ್ಲಿ ಹುಟ್ಟಿದ ಎಳೆಯ ಗಿಡವಾದರೆ, ಬೀಜದ ಸಾಲು ನೋಡಿ ಖಚಿತಪಡಿಸಿಕೊಂಡ ಮೇಲೆ, ಕುದಿಸಿ ನೀರು ಚೆಲ್ಲಿ ಸ್ವಲ್ಪ ಪ್ರಮಾಣದಲ್ಲಿ ಬಳಸಿದರೆ ತೊಂದರೆಯಿಲ್ಲ. ಥೈರಾಯ್ಡ್ ತೊಂದರೆಯಿರುವವರು ವೈದ್ಯರನ್ನು ಕೇಳದೆ ತಿನ್ನಬಾರದು, ಕೆಮ್ಮಿಗೆಂದು ಕಷಾಯ ಮಾಡಿ ಕುಡಿಯುವ ಉತ್ಸಾಹವೂ ಬೇಡ.

ಸಾಸಿವೆಯೊಂದಿಗೆ ಬೆರಕೆಯಾಗುವ ಭಯವನ್ನು ಪೂರ್ತಿ ಬಿಟ್ಟುಬಿಡಿರಿ. ಒಂದೇ ಕುಟುಂಬವಾದರೂ ಬ್ರಾಸಿಕಾ ಮತ್ತು ರೊರಿಪ್ಪಗಳು ಬೇರೆಬೇರೆ ಬಣಗಳಿಗೆ ಸೇರಿದವು. ಹೊಲದಲ್ಲಿ ಜೇನುಹುಳು ಎರಡರ ಮೇಲೂ ಕುಳಿತು ಹಾರಿದರೂ ಅದರಿಂದ ನಿಮ್ಮ ಬೀಜ ಕೆಡುವುದಿಲ್ಲ. ಬೆರಕೆಯಾಗುವುದು ಬ್ರಾಸಿಕಾ ಕುಲದ ಒಳಗೆ. ನಾವು ಬಿತ್ತುವ ಸಾಸಿವೆ ಸ್ವತಃ ಅಂಥ ಬೆರಕೆಯಿಂದಲೇ ಹುಟ್ಟಿದ್ದು: ಇಪ್ಪತ್ತು ವರ್ಣತಂತುಗಳ ಬ್ರಾಸಿಕಾ ರಾಪಾ ಮತ್ತು ಹದಿನಾರರ ಬ್ರಾಸಿಕಾ ನೈಗ್ರಾ ಕೂಡಿ ಮೂವತ್ತಾರು ವರ್ಣತಂತುಗಳ ಬ್ರಾಸಿಕಾ ಜುನ್ಸಿಯಾ ಆಯಿತೆಂಬ ಸಂಬಂಧವನ್ನು ನಾಗಹರು ಯು ಎಂಬ ವಿಜ್ಞಾನಿ 1935ರಲ್ಲಿ ವಿವರಿಸಿದ್ದಾರೆ. ಆದ್ದರಿಂದ ಪಕ್ಕದ ಹೊಲದವರು ಉತ್ತರ ಭಾರತದ ತೋರಿಯಾ ಅಥವಾ ಬೇರೆ ತಳಿಯ ಸಾಸಿವೆಯನ್ನು ಬಿತ್ತಿದ್ದಾರೆಯೇ ಎಂಬುದನ್ನು ವಿಚಾರಿಸುವುದು ಹೆಚ್ಚು ಉಪಯುಕ್ತ. ಒಂದು ಕುತೂಹಲದ ಸಂಗತಿಯನ್ನು ಹೇಳಿಬಿಡುತ್ತೇನೆ. ಸಾಸಿವೆ ಬೆಳೆಯನ್ನು ಕಾಡುವ ಹೇನನ್ನು ರೊರಿಪ್ಪ ಇಂಡಿಕಾ ಚೆನ್ನಾಗಿ ತಾಳಿಕೊಳ್ಳುತ್ತದೆ. ಆ ಗುಣವನ್ನು ಸಾಸಿವೆಗೆ ತರಬಹುದೇ ಎಂದು ನಮ್ಮ ದೇಶದ ವಿಜ್ಞಾನಿಗಳೇ ಅಧ್ಯಯನ ಮಾಡಿದ್ದಾರೆ. ಪ್ರಯೋಗಾಲಯದಲ್ಲಿ ಅಷ್ಟು ಪಾಡುಪಟ್ಟು ದಾಟಿಸಬೇಕಾದ ಗುಣ ಬದುವಿನಿಂದ ತಾನಾಗಿ ನಡೆದು ಬರುವುದಿಲ್ಲ.

ಹಾಗೆಂದು ಬೆಳೆಯಲು ಬಿಡಬೇಕೇ? ಭತ್ತಕ್ಕೆ ಇದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ, ಮುಂದಿನ ಕೆಸರು ಉಳುಮೆ ಮತ್ತು ನಿಂತ ನೀರಿನಲ್ಲಿ ಈ ಕಳೆಯ ಸಸಿಗಳು ಉಳಿಯುವುದಿಲ್ಲ. ಭತ್ತದ ನಂತರ ಎಲೆಕೋಸು, ಹೂಕೋಸು, ಮೂಲಂಗಿ ಹಾಕುವವರಾದರೆ ಮಾತ್ರ ಕಾಳಜಿ ಬೇಕು. ಬೆಳೆ ಇಲ್ಲದ ದಿನಗಳಲ್ಲಿ ಈ ಕುಟುಂಬದ ಕಳೆಗಳು ವಜ್ರಬೆನ್ನಿನ ಪತಂಗದಂ‍ಥ ಕೀಟಗಳಿಗೆ ಆಸರೆ ಕೊಡುತ್ತವೆ. ಬುಡದ ಕಾಯಿ ಹಳದಿಯಾಗುವ ಮೊದಲೇ, ನೆಲ ಹಸಿಯಿರುವಾಗ ಬೇರು ಸಹಿತ ಕಿತ್ತರೆ ಸಾಕು. ಕಾಯಿ ಕಟ್ಟಿದ ಗಿಡವನ್ನು ಕಿತ್ತು ಅಲ್ಲಿಯೇ ಒಗೆಯಬೇಡಿರಿ, ಕಿತ್ತ ಮೇಲೆಯೂ ಬೀಜ ಬಲಿಯುತ್ತದೆ. ಒಂದು ಮಿಲಿಮೀಟರಿಗೂ ಕಡಿಮೆ ಇರುವ ಆ ಬೀಜ ಕಾಲಿನ ಕೆಸರು, ಕುಂಟೆಯ ಹಲ್ಲು, ಕಾಲುವೆಯ ನೀರು ಯಾವುದರ ಜೊತೆಗಾದರೂ ಮುಂದಿನ ಗದ್ದೆಗೆ ಹೋಗುತ್ತದೆ. ಬದುವಿನ ಕಳೆಗಾಗಿ 2,4-ಡಿ ಎಂಬ ಕಳೆನಾಶಕ ಸಿಂಪಡಿಸುವ ಯೋಚನೆಯಿದ್ದರೆ ಕೈಬಿಡಿರಿ. ಗಾಳಿಗೆ ತೇಲಿ ಹೋದ ಅದರ ಸ್ವಲ್ಪ ತುಂತುರೇ ಪಕ್ಕದ ಹತ್ತಿಯ ಎಲೆಯನ್ನು ಮುರುಟಿಸುತ್ತದೆ, ನಿಮ್ಮ ಸಾಸಿವೆಯನ್ನೂ ಬಿಡುವುದಿಲ್ಲ.

ಬೀಜದ ಸಾಲು ನೋಡಿಯೂ ತೃಪ್ತಿಯಾಗದಿದ್ದರೆ ಗಿಡವನ್ನೇ ಒಣಗಿಸಿ ತಜ್ಞರ ಬಳಿ ಒಯ್ಯಿರಿ. ಬೇರು, ಬುಡದ ಎಲೆ, ಹೂ, ಬಲಿತ ಕಾಯಿ ನಾಲ್ಕೂ ಇರುವ ಒಂದು ಗಿಡವನ್ನು ಮಣ್ಣು ತೊಳೆದು, ದಿನಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರವಿಟ್ಟು, ಒಣಗುವವರೆಗೆ ದಿನಕ್ಕೊಮ್ಮೆ ಹಾಳೆ ಬದಲಿಸಿರಿ. ಹಸಿ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ದಾರಿಯಲ್ಲಿಯೇ ಕೊಳೆತು ಎಸಳೂ ಕೇಸರವೂ ಉಳಿದಿರುವುದಿಲ್ಲ. ಊರು, ದಿನಾಂಕ, ಗದ್ದೆಯೋ ಬದುವೋ ಕಾಲುವೆಯೋ, ಮಣ್ಣಿನ ಬಗೆ, ಹಸಿಯಿದ್ದಾಗಿನ ಹೂವಿನ ಬಣ್ಣ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಒಣಗಿದ ಮೇಲೆ ಹಳದಿ ಬಿಳಿಚಿಕೊಳ್ಳುವುದರಿಂದ ಬಣ್ಣದ ಟಿಪ್ಪಣಿ ತಪ್ಪಬಾರದು. ನಿಮಗೆ ಹತ್ತಿರವಾದದ್ದು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ. ಧಾರವಾಡಕ್ಕೆ ಬರುವುದಿದ್ದರೆ ಕೃಷಿ ವಿಶ್ವವಿದ್ಯಾಲಯ ಅಥವಾ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ತೋರಿಸಬಹುದು. ಕಾಯಿಗಳನ್ನು ಪ್ರತ್ಯೇಕವಾಗಿ ಒಂದು ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಿ ತನ್ನಿರಿ, ದಾರಿಯಲ್ಲಿ ಒಡೆದರೂ ಬೀಜ ಕಳೆದುಹೋಗುವುದಿಲ್ಲ.